ಲಿವರ್ ಕಸಿ, ಕಿಡ್ನಿಗೆ ಪೆಟ್ಟು: ಮೊದಲು ಲೇಬಲ್ ನೋಡಿ

ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರ. ಅಲ್ಲಿನ ನಾರಾಯಣ ಹೆಲ್ತ್ ಸಿಟಿಯಲ್ಲಿ ಲಿವರ್ ಕಸಿ ನಡೆಯುತ್ತೆ. ಇಂಥ ಆಪರೇಷನ್ ಆಗೋದು ಲಿವರ್‌ಗೆ, ಎಷ್ಟೋ ಸಲ ಪೆಟ್ಟು ಬೀಳೋದು ಕಿಡ್ನಿಗೆ. ರಕ್ತಸ್ರಾವ, ಇಳಿದ ಬಿಪಿ, ದೇಹ ಹೊಸ ಲಿವರನ್ನು ತಿರಸ್ಕರಿಸದಿರಲಿ ಅಂತ ಕೊಡೋ ಟ್ಯಾಕ್ರೊಲಿಮಸ್, ಎಲ್ಲವೂ ಕಾರಣ. ಅಪಾಯ ಯಾರಿಗೆ ಅಂತ ಮೊದಲೇ ಗೊತ್ತಾದರೆ ವೈದ್ಯರು ಟ್ಯಾಕ್ರೊಲಿಮಸ್ ತಡವಾಗಿ, ಕಡಿಮೆ ಡೋಸ್‌ನಲ್ಲಿ ಶುರು ಮಾಡಬಹುದು. ಮಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗೆ ಒಳ್ಳೇ ವಿಷಯ.

ಆದರೆ ‘ಹಾನಿ ಆಗಿದೆ’ ಅನ್ನೋ ಲೇಬಲ್ ಎಲ್ಲಿಂದ ಬರುತ್ತೆ? 2012ರ ಕೆಡಿಗೊ ಮಾನದಂಡದಂತೆ ರಕ್ತದ ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಮಿ.ಗ್ರಾಂ/ಡೆ.ಲೀ. ಏರಬೇಕು, ಇಲ್ಲವೇ 7 ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾಗಬೇಕು. (ಮೂತ್ರದ ಪ್ರಮಾಣಕ್ಕೂ ಒಂದು ಲೆಕ್ಕ ಇದೆ, ಡೇಟಾಸೆಟ್‌ಗಳಲ್ಲಿ ಅದು ಸಿಗೋದು ಕಷ್ಟ.)

ಕ್ರಿಯಾಟಿನಿನ್ ಹುಟ್ಟೋದು ಸ್ನಾಯುಗಳಲ್ಲಿ. ಸಿರೋಸಿಸ್ ಇರುವವರ ಸ್ನಾಯು ಸೊರಗಿರುತ್ತೆ. ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟ್‌ನಲ್ಲಿ 0.8 ಅಂತ ‘ನಾರ್ಮಲ್’ ಬರಬಹುದು. ಜಾಂಡೀಸ್ ಜೋರಾಗಿದ್ದರೆ ಜಾಫೆ ವಿಧಾನದ ಟೆಸ್ಟ್ ಇನ್ನೂ ಕಮ್ಮಿ ತೋರಿಸುತ್ತೆ. ಹೆಂಗಸರಿಗೆ ಸ್ನಾಯು ಕಮ್ಮಿ. ಕ್ರಿಯಾಟಿನಿನ್ ಸೇರಿರೋ ಹಳೇ ಮೆಲ್ಡ್ ಸ್ಕೋರ್‌ನಲ್ಲಿ ಅವರು ಕಸಿಯ ಸರದಿಯಲ್ಲೇ ಹಿಂದೆ ಬೀಳ್ತಿದ್ರು.

ಇನ್ನೊಂದು ಗುಂಡಿ: ಆಪರೇಷನ್ ಆದಮೇಲಿನ ಕ್ರಿಯಾಟಿನಿನ್ನನ್ನೇ ಇನ್‌ಪುಟ್‌ಗೆ ಕೊಡೋದು. ಅಕ್ಯುರಸಿ ಜೋರಾಗಿ ಬರುತ್ತೆ, ಬರದೇ ಏನು? ಉತ್ತರ ನೋಡಿಕೊಂಡೇ ಪರೀಕ್ಷೆ ಬರೆದ ಹಾಗೆ! ಆಪರೇಷನ್ ಮುಗಿದ ಕ್ಷಣದವರೆಗಿನ ಮಾಹಿತಿಯಷ್ಟೇ ಇಟ್ಟುಕೊಳ್ಳಿ. ಸ್ನಾಯುವನ್ನು ಅಷ್ಟಾಗಿ ನೆಚ್ಚದ ಸಿಸ್ಟಾಟಿನ್ ಸಿ ಸಿಕ್ಕರೆ ಸೇರಿಸಿ. ಕ್ರಿಯಾಟಿನಿನ್ ಯಾವ ವಿಧಾನದಲ್ಲಿ ಅಳೆದದ್ದು ಅಂತ ಲ್ಯಾಬ್‌ನವರನ್ನು ಕೇಳಿ, ಅದಕ್ಕೂ ಒಂದು ಕಾಲಂ ಇರಲಿ.