ಹೊಸ ಪ್ರೊಸೆಸರ್‌ಗೆಂದೇ ಕಟ್ಟಿದ ಲಿನಕ್ಸ್: ನಮ್ಮ ಲ್ಯಾಪ್‌ಟಾಪ್‌ಗೆ ಆದೀತೇ?

ಪ್ರಶ್ನೆ: ಹೊಸ ಪ್ರೊಸೆಸರ್‌ಗಳಿಗೆಂದೇ ಸ್ವಯಂಸೇವಕರು ಬೇರೆ ಲಿನಕ್ಸ್ ಕಟ್ಟುತ್ತಿದ್ದಾರೆಂದು ಕೇಳಿದೆ. 64 ಬಿಟ್ ಲಿನಕ್ಸ್ ಎಲ್ಲ 64 ಬಿಟ್ ಕಂಪ್ಯೂಟರಿಗೂ ಒಂದೇ ಅಲ್ಲವೇ? ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ವೇಗ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಕೊಟ್ಟೂರು

ಉತ್ತರ: 64 ಬಿಟ್ ಎಂಬ ಒಂದೇ ಹೆಸರಿನಡಿ ಇಪ್ಪತ್ತು ವರ್ಷಗಳ ಪ್ರೊಸೆಸರ್‌ಗಳೆಲ್ಲ ಸೇರಿರುವುದರಿಂದ ಈ ಗೊಂದಲ ಯಾರಿಗಾದರೂ ಆಗುವಂಥದೇ.

ನಾವಿಂದು ಬಳಸುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ 64 ಬಿಟ್ ವಿನ್ಯಾಸವನ್ನು ಎಎಂಡಿ ಕಂಪನಿ 2003ರಲ್ಲಿ ಮಾರುಕಟ್ಟೆಗೆ ತಂದಿತು. ಡೆಬಿಯನ್, ಆರ್ಚ್‌ನಂಥ ಲಿನಕ್ಸ್‌ಗಳು ಆ ಮೊದಲ ತಲೆಮಾರಿನ ಯಂತ್ರದಲ್ಲೂ ಓಡುವಂತೆ ತಮ್ಮ ತಂತ್ರಾಂಶಗಳನ್ನು ಕಂಪೈಲ್ ಮಾಡುತ್ತವೆ, ಅಂದರೆ ಮೂಲ ಕೋಡನ್ನು ಪ್ರೊಸೆಸರ್‌ಗೆ ತಿಳಿಯುವ ಆದೇಶಗಳಾಗಿ ಬದಲಿಸುತ್ತವೆ. ಆದರೆ ಆಮೇಲೆ ಬಂದ ಪ್ರೊಸೆಸರ್‌ಗಳಿಗೆ ಹೊಸ ಆದೇಶಗಳು ಗೊತ್ತು. 2013ರಲ್ಲಿ ಇಂಟೆಲ್‌ನ ಹ್ಯಾಸ್ವೆಲ್ ತಲೆಮಾರಿನೊಂದಿಗೆ ಬಂದ ಎವಿಎಕ್ಸ್2 ಅಂಥದು. ಹಳೆಯ ಆದೇಶವೊಂದು ಒಂದೇ ಸಲಕ್ಕೆ 32 ಬಿಟ್‌ನ ನಾಲ್ಕು ಜೋಡಿ ಸಂಖ್ಯೆಗಳನ್ನು ಕೂಡಿದರೆ, ಇದು ಎಂಟು ಜೋಡಿಗಳನ್ನು ಕೂಡುತ್ತದೆ. ನಾಲ್ಕು ತಾಳಿನ ಕೂರಿಗೆ ಬಿಟ್ಟು ಎಂಟು ತಾಳಿನದನ್ನು ಹೂಡಿದ ಹಾಗೆ. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸೂಸೆ ಕಂಪನಿಗಳವರು ಕೂಡಿ ಈ ಸಾಮರ್ಥ್ಯಗಳನ್ನು ವಿ1ರಿಂದ ವಿ4ರವರೆಗೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಎವಿಎಕ್ಸ್2 ಸೇರುವುದು ವಿ3ರಲ್ಲಿ.

ನೀವು ಕೇಳಿರುವುದು ಬಹುಶಃ 2021ರಲ್ಲಿ ಶುರುವಾದ ಕ್ಯಾಷಿಓಎಸ್ ಬಗ್ಗೆ. ಅದನ್ನು ಕಟ್ಟುವವರು ಆರ್ಚ್ ಲಿನಕ್ಸ್‌ನ ಪ್ಯಾಕೇಜ್‌ಗಳ ಮೂಲ ಕೋಡ್ ತೆಗೆದುಕೊಂಡು ವಿ3ಕ್ಕೆ, ವಿ4ಕ್ಕೆ, ಎಎಂಡಿಯ ಜೆನ್4 ಪ್ರೊಸೆಸರ್‌ಗಳಿಗೆ ಬೇರೆಬೇರೆಯಾಗಿ ಕಂಪೈಲ್ ಮಾಡುತ್ತಾರೆ. ಕಂಪೈಲರ್‌ಗೆ ಕೊಡುವ ಸೂಚನೆ ಒಂದು ಸಾಲಿನದು. ಕಷ್ಟ ಇರುವುದು ಅದರಲ್ಲಲ್ಲ. ಆರ್ಚ್‌ನಲ್ಲಿ ಪ್ಯಾಕೇಜ್ ಬದಲಾದಾಗಲೆಲ್ಲ ಇಲ್ಲಿಯೂ ಮತ್ತೆ ಕಟ್ಟಬೇಕು, ಕಟ್ಟುವಾಗ ಕೆಟ್ಟರೆ ಯಾಕೆಂದು ಯಾರಾದರೂ ಕೂತು ಹುಡುಕಬೇಕು. ಇಂಟೆಲ್ ಕಂಪನಿಯೇ 2015ರಲ್ಲಿ ಆರಂಭಿಸಿದ್ದ ಇಂಥದೇ ಕ್ಲಿಯರ್ ಲಿನಕ್ಸ್ 2025ರ ಜುಲೈಯಲ್ಲಿ ನಿಂತುಹೋಯಿತು. ಸಂಬಳದ ಎಂಜಿನಿಯರುಗಳಿದ್ದ ಕೆಲಸವೇ ನಿಂತಿರುವಾಗ ಕ್ಯಾಷಿಓಎಸ್ಸನ್ನು ನಡೆಸಿಕೊಂಡು ಹೋಗುತ್ತಿರುವವರ ಶ್ರಮ ದೊಡ್ಡದೆಂದು ನನ್ನ ಭಾವನೆ.

ವೇಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಸಾಧಾರಣ ಲಿನಕ್ಸ್ ಹಾಕಿದರೆ ಎವಿಎಕ್ಸ್2 ಪೂರ್ತಿ ವ್ಯರ್ಥವೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ವಿಡಿಯೊ ತೋರಿಸುವ ತಂತ್ರಾಂಶಗಳಲ್ಲಿ ಹಲವು ಓಡುವಾಗಲೇ ಪ್ರೊಸೆಸರ್ ಯಾವುದೆಂದು ನೋಡಿ ತಕ್ಕ ಆದೇಶವನ್ನು ತಾವೇ ಆರಿಸಿಕೊಳ್ಳುತ್ತವೆ. ಮರುಕಂಪೈಲ್‌ನಿಂದ ಲಾಭವಾಗುವುದು ಹಾಗೆ ಆರಿಸಿಕೊಳ್ಳದ ತಂತ್ರಾಂಶಗಳಿಗೆ, ಅದರಲ್ಲೂ ಲೆಕ್ಕಾಚಾರ ಹೆಚ್ಚಿರುವ ಕೆಲಸಗಳಿಗೆ. ಕನ್ನಡದಲ್ಲಿ ಪತ್ರ ಟೈಪ್ ಮಾಡುವಾಗ, ಪಹಣಿ ತೆಗೆಯುವಾಗ ನಿಮಗೆ ವ್ಯತ್ಯಾಸ ಗೊತ್ತಾಗಲಾರದು.

ಇನ್ನು ನಿಮ್ಮ ಲ್ಯಾಪ್‌ಟಾಪ್. ಕೊಂಡ ವರ್ಷ ನೋಡಿ ತೀರ್ಮಾನಿಸಬೇಡಿ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಸೆಲೆರಾನ್ ಎನ್4020 ಹ್ಯಾಸ್ವೆಲ್‌ಗಿಂತ ಎಷ್ಟೋ ಹೊಸದು, ಆದರೂ ಅದರಲ್ಲಿ ಎವಿಎಕ್ಸ್2 ಇಲ್ಲ. 2013ರ ಕೋರ್ ಐ5 ಹ್ಯಾಸ್ವೆಲ್‌ನಲ್ಲಿ ಇದೆ! ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್ ತೆರೆದು, ಎಲ್‌ಎಸ್‌ಸಿಪಿಯು ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಫ್ಲ್ಯಾಗ್ಸ್ ಎಂಬ ಉದ್ದನೆಯ ಸಾಲಿನಲ್ಲಿ ಎವಿಎಕ್ಸ್2 ಕಂಡರೆ ನಿಮ್ಮದು ಹೆಚ್ಚುಕಡಿಮೆ ವಿ3 ಯಂತ್ರ. ಕಾಣದಿದ್ದರೆ ವಿ3ಕ್ಕೆ ಕಟ್ಟಿದ ತಂತ್ರಾಂಶ ಅದರಲ್ಲಿ ನಿಧಾನವಾಗಿ ಓಡುವುದಲ್ಲ, ಗೊತ್ತಿಲ್ಲದ ಆದೇಶ ಎದುರಾದಲ್ಲಿಗೇ ನಿಂತುಬಿಡುತ್ತದೆ. ಅಂಥ ಯಂತ್ರಕ್ಕೆ ಡೆಬಿಯನ್ ಅಥವಾ ಮಿಂಟ್ ಹಾಕಿಕೊಳ್ಳಿ.

ವಿ3 ಇದ್ದರೂ ಇನ್ನೊಂದು ವಿಷಯ ನೋಡಿ. ಆರ್ಚ್‌ನಂತೆ ಕ್ಯಾಷಿಓಎಸ್‌ಗೂ ಅಪ್‌ಡೇಟ್‌ಗಳು ಸತತವಾಗಿ ಬರುತ್ತಿರುತ್ತವೆ, ಒಮ್ಮೊಮ್ಮೆ ಗಾತ್ರವೂ ದೊಡ್ಡದಿರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾದಲ್ಲೇ ಎಲ್ಲ ನಡೆಸುವವರಿಗೆ ಅದು ಹೊರೆ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದು, ಆಗಾಗ ಅಪ್‌ಡೇಟ್ ಮಾಡುವ ವ್ಯವಧಾನ ನಿಮಗಿದ್ದರೆ ಧಾರಾಳವಾಗಿ ಹಾಕಿ ನೋಡಿ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ.