ಹಳೇ ಯೆಜ್ಡಿಯ ಬೆಲೆ ಎಲ್ಲಿ ಅಡಗಿದೆ?

ಗಲಗಲಿ ಕಡೆಯ ಊರಲ್ಲಿ ಅಜ್ಜನ ಯೆಜ್ಡಿ ಕೊಟ್ಟಿಗೆಯ ಮೂಲೆ ಸೇರಿದ್ದರೆ ಗುಜರಿಯವನು ತೂಕದ ಮೇಲೆ ರೇಟು ಹೇಳುತ್ತಾನೆ. ಅದನ್ನೇ ಹಳೇ ಬೈಕಿನ ಹುಚ್ಚಿರುವವರು ಹಲವು ಪಟ್ಟು ಕೊಟ್ಟು ಒಯ್ಯುತ್ತಾರೆ. ಈ ವ್ಯತ್ಯಾಸ ಯಾತರಿಂದ ಬರ್ತದೆ ಅನ್ನೋದನ್ನ ಮಾರುವ ಮೊದಲೇ ತಿಳಿದುಕೊಳ್ಳೋಣ.

ಕೊರತೆ ಮತ್ತು ಬಿಡಿಭಾಗ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಬೈಕುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಮರಳಿ ಬಂದ ಯೆಜ್ಡಿ ಫೋರ್-ಸ್ಟ್ರೋಕ್. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇದ್ದ ಆ ಟೂ-ಸ್ಟ್ರೋಕ್ ಗಾಡಿ ಇನ್ನು ಹುಟ್ಟೋದಿಲ್ಲ. ಆದರೆ ಅಪರೂಪ ಅನ್ನೋದೊಂದೇ ಸಾಲದು. ಪಿಸ್ಟನ್, ಕ್ಲಚ್ ಪ್ಲೇಟ್ ಇವತ್ತಿಗೂ ಸಿಗುವುದರಿಂದಲೇ ಗಾಡಿ ಓಡುತ್ತದೆ, ಓಡುವುದಕ್ಕೇ ಗಿರಾಕಿ ಜಾಸ್ತಿ.

ನಂಬರು: ಅಮೆರಿಕದಲ್ಲಿ ಪಾಂಟಿಯಾಕ್ ಕಾರುಗಳ ತಯಾರಿಕೆ 2010ರ ಹೊತ್ತಿಗೆ ನಿಂತಿತು. ಹಳೇ ಪಾಂಟಿಯಾಕ್ ಜಿಟಿಒ ಕೊಳ್ಳುವವರು ಕಾರ್ಖಾನೆ ಕೂರಿಸಿದ ಎಂಜಿನ್ನೇ ಇದೆಯಾ ಅಂತ ಮುಖ್ಯವಾಗಿ ನೋಡುತ್ತಾರೆ. ನಮ್ಮಲ್ಲೂ ಅಷ್ಟೇ. ಎಂಜಿನ್, ಚಾಸಿಸ್ ನಂಬರುಗಳು ಆರ್‌ಸಿ ಜೊತೆ ತಾಳೆಯಾಗದಿದ್ದರೆ ಬೆಲೆಯೂ ಬೀಳುತ್ತದೆ, ಕಾನೂನಿನ ತೊಡಕೂ ಬರುತ್ತದೆ.

ಕಾಗದ: ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಮಾರುವಾಗ ಬೇಕಾಗುವುದು ಫಾರಂ 29 ಮತ್ತು 30. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಯೂ ಉಂಟು, ಆದರೆ ಅದನ್ನು ದಿನಾ ಓಡಿಸುವಂತಿಲ್ಲ.

ನೀರು: ಕೃಷ್ಣೆಯ ದಂಡೆಯ ಊರುಗಳಲ್ಲಿ ಇದನ್ನ ಕೇಳಲೇಬೇಕ್ರಿ: 2019ರ ಪ್ರವಾಹದಲ್ಲಿ ಗಾಡಿ ಮುಳುಗಿತ್ತಾ? ನೀರು ಹೊಕ್ಕ ಫ್ರೇಮು ಒಳಗಿಂದ ತುಕ್ಕು ಹಿಡಿಯುತ್ತದೆ, ಕ್ರ್ಯಾಂಕ್ ಬೇರಿಂಗ್ ಕೆಡುತ್ತದೆ. ಮೇಲಿನ ಹೊಸ ಬಣ್ಣ ಇದನ್ನೆಲ್ಲ ಮುಚ್ಚಿಬಿಡುತ್ತದೆ. ಫ್ರೇಮಿನ ಬೆಸುಗೆಗಳನ್ನ ಟಾರ್ಚ್ ಬಿಟ್ಟು ನೋಡಿ.

ಮೆಕ್ಯಾನಿಕಲ್ ಓದುವ ನಮಗೆ ಇಂಥ ಗಾಡಿ ಕಂಡರೆ ಕೈ ಕಡಿಯುತ್ತದೆ: ಹ್ಯಾಂಡಲ್ ಬದಲಿಸೋಣ, ಸೈಲೆನ್ಸರ್ ಕತ್ತರಿಸೋಣ ಅಂತ. ಹಾಗೆ ಬದಲಿಸಿದಷ್ಟೂ ಬೆಲೆ ಇಳಿಯುತ್ತದೆ. ಮಾಸಿದರೂ ಮೂಲ ಬಣ್ಣವನ್ನೇ ಬಯಸುವ ಗಿರಾಕಿಗಳಿದ್ದಾರೆ. ಕಳಚಿದ ಹಳೇ ಬೋಲ್ಟನ್ನೂ ಡಬ್ಬಿಯಲ್ಲಿ ಎತ್ತಿಡಿ.

ಹಾಗಾಗಿ ರಜೆಗೆ ಊರಿಗೆ ಹೋದವರು ಸ್ಪ್ಯಾನರ್ ಹಿಡಿಯುವ ಮೊದಲು ಟ್ರಂಕಿನಲ್ಲಿ ಆರ್‌ಸಿ ಹುಡುಕಿ. ಅದು ಸಿಕ್ಕರೆ ಕೊಟ್ಟಿಗೆಯಲ್ಲಿರುವುದು ಬೈಕು. ಇಲ್ಲದಿದ್ದರೆ ಕೊಳ್ಳುವವನ ಕಣ್ಣಿಗೆ ಅದು ಬರೀ ಕಬ್ಬಿಣ.