ಕೋಲಿ ತರುವ ಮುನ್ನ

ಮಗಳೇ, ಎಡಿನ್‌ಬರಾದಲ್ಲಿ ಕೆಲಸ ಗಟ್ಟಿಯಾಯಿತು, ಇನ್ನು ಒಂದು ಕೋಲಿ ನಾಯಿ ಸಾಕಬೇಕು ಅಂದಿದ್ದೀಯ. ಸಂತೋಷ. ಆ ನಾಯಿಗಳ ತವರಿನಲ್ಲೇ ಇದ್ದೀಯ. ಆದರೆ ಕೋಲಿ ಎಂದರೆ ಒಂದೇ ನಾಯಿಯಲ್ಲ, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕುರಿ ಕಾಯ್ದು ಬೆಳೆದ ಒಂದು ಬಳಗ. ಮರಿಯ ಮುಖ ನೋಡುವ ಮೊದಲು ಅದರ ಹಿರಿಯರು ಯಾವ ಕೆಲಸ ಮಾಡುತ್ತಿದ್ದರು ಎಂದು ವಿಚಾರಿಸು. ಪಶುವೈದ್ಯನಾಗಿ ನಾನು ಕಂಡದ್ದು ಇಷ್ಟೇ: ರೂಪಕ್ಕೆ ಮನಸೋತು ನಾಯಿ ತಂದವರು ಬಾಳಬೇಕಾದದ್ದು ಅದರ ರಕ್ತದಲ್ಲಿರುವ ಕೆಲಸದ ಜೊತೆ.

ನೀನು ಫೋಟೋ ಕಳಿಸಿದ್ದು ಬಾರ್ಡರ್ ಕೋಲಿಯದು. 1893ರಲ್ಲಿ ನಾರ್ಥಂಬರ್‌ಲ್ಯಾಂಡಿನ ಆಡಮ್ ಟೆಲ್ಫರ್ ಎಂಬವರಲ್ಲಿ ಓಲ್ಡ್ ಹೆಂಪ್ ಎಂಬ ಗಂಡುಮರಿ ಹುಟ್ಟಿತು. ದೊಡ್ಡದಾದ ಮೇಲೆ ಅದು ಬೊಗಳದೆ, ಮೇಲೆರಗದೆ, ಬರೀ ದಿಟ್ಟಿಸಿಯೇ ಕುರಿಗಳನ್ನು ಸರಿಸುತ್ತಿತ್ತು. ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ ಅದೇ. ಕುರಿಗಾರ ‘ಕಮ್ ಬೈ’ ಎಂದರೆ ಈ ನಾಯಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹಿಂಡನ್ನು ಸುತ್ತುತ್ತದೆ, ‘ಅವೇ’ ಎಂದರೆ ಅದಕ್ಕೆದುರು. ಅಮೆರಿಕದಲ್ಲಿ ಜಾನ್ ಪಿಲ್ಲಿ ಎಂಬ ಪ್ರಾಧ್ಯಾಪಕರು ತಮ್ಮ ಬಾರ್ಡರ್ ಕೋಲಿ ಚೇಸರ್‌ಗೆ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿಸಿದ್ದರು. ಇಂಥ ಬುದ್ಧಿಯನ್ನು ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಕೂಡಿಹಾಕಿ ನೀನು ಆಫೀಸಿಗೆ ಹೋದರೆ ಅದು ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಸೈಕಲ್ಲು, ಕಾರು, ಓಡುವ ಮಕ್ಕಳು, ಎಲ್ಲವೂ ಅದಕ್ಕೆ ಕುರಿಯೇ. ಹಿಮ್ಮಡಿಗೆ ಬಾಯಿ ಹಾಕಿದಾಗ ಜನ ಅದನ್ನು ಕೆಟ್ಟ ನಾಯಿ ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುವುದು ಆಗಲೇ. ಬರೀ ಓಡಿಸಿ ದಣಿಸಿದರೂ ಸಾಲದು, ಅದರ ತಲೆಗೂ ದಿನದಿನ ಕೆಲಸ ಬೇಕು. ನಿನ್ನ ಈಗಿನ ದಿನಚರಿಯಲ್ಲಿ ಅದು ಆಗದು.

ಉದ್ದ ಮೂತಿ, ಕೊರಳ ತುಂಬ ಕೇಸರವಿರುವುದು ರಫ್ ಕೋಲಿ. ‘ಲ್ಯಾಸಿ ಕಮ್ ಹೋಮ್’ ಸಿನಿಮಾದ ನಾಯಿ ಇದೇ ತಳಿಯದು. 1943ರ ಆ ಚಿತ್ರದಲ್ಲಿ ಹೆಣ್ಣುನಾಯಿಯ ಪಾತ್ರ ಮಾಡಿದ್ದು ಪ್ಯಾಲ್ ಎಂಬ ಗಂಡು. ವಿಕ್ಟೋರಿಯಾ ರಾಣಿ ಬಾಲ್ಮೊರಲ್‌ನಲ್ಲಿ ಕೋಲಿಗಳನ್ನು ಮೆಚ್ಚಿ ಸಾಕಿದ ಮೇಲೆ ಇವು ಗುಡ್ಡದಿಂದ ಮನೆಯೊಳಕ್ಕೆ ಬಂದವು. ಸ್ವಭಾವ ಮೃದು, ಗದರಿದರೆ ಮುದುಡಿಕೊಳ್ಳುತ್ತವೆ. ಇವಕ್ಕೂ ದಿನಾ ನಡಿಗೆ ಬೇಕು, ಆದರೆ ಬಾರ್ಡರ್‌ನಷ್ಟು ಚಡಪಡಿಕೆ ಇಲ್ಲ. ಕೂದಲು ಬಾಚಲು ಪುರುಸೊತ್ತಿಲ್ಲವೆಂದರೆ ಸ್ಮೂತ್ ಕೋಲಿ ನೋಡು. ಅದೇ ಮೈಕಟ್ಟು, ಅದೇ ಗುಣ, ಗಿಡ್ಡ ಕೂದಲು. ಬ್ರಿಟನ್ನಿನಲ್ಲಿ ಈಗ ಅಪರೂಪವಾಗಿಬಿಟ್ಟಿದೆ. ಕಾಯಬೇಕಾದರೂ ಕಾಯಿ, ನನ್ನ ಮತ ಅದಕ್ಕೇ.

ಗಡ್ಡದ ಬಿಯರ್ಡೆಡ್ ಕೋಲಿ ನೆಗೆದಾಡುವ ಉಲ್ಲಾಸದ ಪ್ರಾಣಿ, ಕೂದಲಿನ ಚಾಕರಿ ಮಾತ್ರ ದೊಡ್ಡದು. ಶೆಟ್ಲೆಂಡ್ ದ್ವೀಪಗಳ ಶೆಲ್ಟಿ ಚಿಕ್ಕದು, ಚುರುಕು, ಆದರೆ ಬೊಗಳುತ್ತದೆ. ಪಕ್ಕದ ಮನೆಯ ಗೋಡೆ ತೆಳುವಾಗಿದ್ದರೆ ಯೋಚಿಸು.

ಈಗ ಹೇಳುವುದನ್ನು ಮರೆಯಬೇಡ. ಈ ಬಳಗದ ಬಹಳಷ್ಟು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷವಿದೆ. ರಫ್, ಸ್ಮೂತ್ ಕೋಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಬಾರ್ಡರ್‌ನಲ್ಲಿ ಕಡಿಮೆ. ಕೆಲವು ಔಷಧಗಳನ್ನು ಮಿದುಳಿನೊಳಕ್ಕೆ ಬಿಡದೆ ಹೊರದಬ್ಬುವ ವ್ಯವಸ್ಥೆ ಈ ದೋಷವಿರುವ ನಾಯಿಗಳಲ್ಲಿ ಕೆಲಸ ಮಾಡದು. ಆದ್ದರಿಂದ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್ ವಿಷವಾಗುತ್ತದೆ: ನಾಯಿ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಪ್ರಜ್ಞೆ ತಪ್ಪಿ ಸಾಯಲೂಬಹುದು. ಹುಳದ ಔಷಧ ಕುಡಿಸಿದ ಕುರಿ, ಕುದುರೆಗಳ ಲದ್ದಿ ತಿಂದರೂ ಅಪಾಯವೇ. ಭೇದಿಗೆ ನಾವು ನುಂಗುವ ಲೋಪರಮೈಡ್ ಮಾತ್ರೆಯನ್ನೂ ಕೊಡಕೂಡದು. ಮುಂದೆ ನಾಯಿಯನ್ನು ಬೆಂಗಳೂರಿಗೆ ಕರೆತಂದೆಯೋ, ಕಜ್ಜಿಗೆಂದು ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕಲು ಹೊರಟ ಯಾರನ್ನಾದರೂ ತಡೆದು, ಇದು ಕೋಲಿ ಎಂದು ಬಾಯಿಬಿಟ್ಟು ಹೇಳು.

ನಾಯಿಯ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿ ಪ್ರಯೋಗಾಲಯಕ್ಕೆ ಕಳಿಸಿದರೆ ಈ ಜೀನಿನ ದೋಷ ತಿಳಿಯುತ್ತದೆ. ಸಾಕಣೆದಾರರಲ್ಲಿ ತಂದೆ, ತಾಯಿ ಇಬ್ಬರ ವರದಿಯನ್ನೂ ಕೇಳು. ಕೋಲಿಗಳಿಗೆ ಹುಟ್ಟಿನಿಂದಲೇ ಬರುವ ಕಣ್ಣಿನ ದೋಷವೊಂದಿದೆ, ಮರಿಗೆ ಎರಡು ತಿಂಗಳು ತುಂಬುವುದರೊಳಗೆ ಕಣ್ಣಿನ ತಪಾಸಣೆ ಆಗಿರಬೇಕು. ತಂದೆ, ತಾಯಿ ಎರಡೂ ಮಚ್ಚೆಮಚ್ಚೆಯ ಮರ್ಲ್ ಬಣ್ಣದವಾಗಿದ್ದರೆ ಆ ಮನೆಯಿಂದ ಮರಿ ತೆಗೆದುಕೊಳ್ಳಬೇಡ. ಅಂಥ ಜೋಡಿಯ ಮರಿಗಳಲ್ಲಿ ನಾಲ್ಕರಲ್ಲೊಂದು ಕುರುಡೋ ಕಿವುಡೋ ಆಗುವ ಅಪಾಯವಿದೆ. ಮರಿ ತಾಯಿಯ ಜೊತೆಗಿರುವಾಗಲೇ ಹೋಗಿ ನೋಡು. ತಾಯಿಯನ್ನು ತೋರಿಸಲು ಒಪ್ಪದಿದ್ದರೆ ಮುಂಗಡ ಕೊಡದೆ ಎದ್ದು ಬಾ.